ಕಾಶವ್ವನ ಎಡ ಅಂಗೈ

ನಾನು ಒಂದು ಒರಳುಕಲ್ಲು. ಇಳಕಲ್ಲಿನ ಕೆಂಪು ಬಂಡೆಯಲ್ಲಿ ಹುಟ್ಟಿದೆ. ನನ್ನ ಎದೆಯಲ್ಲಿ ಕುಳಿ ತೋಡಿದ ಕಲ್ಲುಕುಟಿಗ, "ಹೋಗು, ನಾಕು ಮಂದಿಗೆ ರುಚಿಯಾಗು" ಎಂದು ಹರಸಿ ಕಳಿಸಿದ. ಆದರೆ ದುಂಡವ್ವನ ಮನೆಯಲ್ಲಿ ಚಟ್ನಿಗೆ ಬೇರೆ ಕಲ್ಲಿತ್ತು. ನನ್ನ ಪಾಲಿಗೆ ಬಂದದ್ದು ಮದರಂಗಿ ಸೊಪ್ಪು. ಓಣಿಯ ಮದುವಣಗಿತ್ತಿಯರ ಕೈಗಳೆಲ್ಲ ನನ್ನಿಂದಲೇ ಕೆಂಪಾದವು.

ದುಂಡವ್ವನ ತೋಳು ಸೋತ ಮೇಲೆ ಸೊಸೆ ಕಾಶವ್ವ ಅರೆಯತೊಡಗಿದಳು. ಬಲಗೈಯಿಂದ ಗುಂಡು ತಿರುಗಿಸುತ್ತ, ಎಡಗೈಯಿಂದ ಸೊಪ್ಪು ದೂಡುತ್ತ, ಮಠದಲ್ಲಿ ಕೇಳಿದ ಪುರಾಣದ ಪದ ಗುನುಗುವಳು. ನಾನು ಅರ್ಧ ಪುರಾಣ ಕಲಿತದ್ದು ಹಾಗೆ. ಮದುಮಗಳಿಗಿಂತ ಮೊದಲು ಅವಳ ಎಡ ಅಂಗೈ ಕೆಂಪೇರುತ್ತಿತ್ತು.

ಗಂಡ ತೀರಿಕೊಂಡ ವರ್ಷ ಆ ಕೈಗೆ ಪ್ಲಾಸ್ಟಿಕ್ ಚೀಲ ಬಂತು.

"ಅರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿನಗ ಬಣ್ಣ ಹತ್ತಬಾರ್ದು," ಎಂದು ದುಂಡವ್ವ ತಾನೇ ಮಣಿಕಟ್ಟಿಗೆ ದಾರ ಬಿಗಿದಳು. ಪದ ನಿಂತಿತು. ಒಂಬತ್ತು ವರ್ಷ ಚೀಲದ ಸರಸರ ಸದ್ದೊಂದೇ. ಸೊಪ್ಪು ತರಿತರಿಯಾಗಿ ಉಳಿಯಿತು. ಓಣಿಯವರು ಅಂಗಡಿಯ ಕೋನ್ ಹಿಡಿದರು.

ದುಂಡವ್ವನ ಹಿರಿಮಗನ ಮಗಳು ಮಹಾನಂದಾಳ ಮದುವೆ ಬಂತು. ಕೋನ್ ಹಚ್ಚಿದರೆ ಅವಳ ಕೈಗೆ ಬೊಬ್ಬೆ. ಹಾಗಾಗಿ ಮತ್ತೆ ನನ್ನನ್ನು ತೊಳೆದರು. ಕಾಶವ್ವ ಅರೆದದ್ದನ್ನು ಕಿರುಬೆರಳಿಗೆ ಹಚ್ಚಿ ನೋಡಿದ ಹುಡುಗಿ ಚೀರಿದಳು:

"ಆಯಿ, ಬಳ್ಳು ಹಳದಿ ಆಗೇತಿ, ಕಾಮಣಿ ಆದಂಗ ಕಾಣತೈತಿ!"

"ಯಾಕ ಕಾಶಿ, ಅರಿಯೂದು ಮರತಿ ಏನ?"

"ಇಲ್ರಿ ಅತ್ತಿ. ಚೀಲದಾಗ ತರಿ ಬೆರಳಿಗೆ ತಿಳಿಯಾಂಗಿಲ್ಲ. ನುಣ್ಣಗ ಆಗಬೇಕಂದ್ರ ಬರಿಗೈ ಬೇಕು." ಒಂಬತ್ತು ವರ್ಷದಲ್ಲಿ ಆ ಚೀಲದ ಬಗ್ಗೆ ಕಾಶವ್ವ ಆಡಿದ ಮೊದಲ ಮಾತು ಅದು.

ಮಹಾನಂದಾ ಎರಡೂ ಕೈ ಬೆನ್ನಹಿಂದೆ ಕಟ್ಟಿದಳು. "ಚಿಗವ್ವ ಬರಿಗೈಲೆ ಅರದ್ರ ಹಚ್ಕೋತೀನಿ. ಇಲ್ಲಾಂದ್ರ ಬೋಳುಗೈಲೆ ಮದವಿ!"

ದುಂಡವ್ವ ನನ್ನ ಪಕ್ಕ ಬಂದು ಕುಕ್ಕರಿಸಿದಳು. ಆಮೇಲೆ ಸೊಸೆಯ ಕೈ ಎಳೆದುಕೊಂಡು, ಉಳಿದಿದ್ದ ಎರಡೇ ಹಲ್ಲಿನಿಂದ ಗಂಟು ಬಿಚ್ಚಿದಳು.

ಬರಿಗೈ ತಾಗಿತು. ಕಲ್ಲಾದ ನನ್ನ ಎದೆಯೂ ಬೆಚ್ಚಗಾಯಿತು. ಪದ ನಿಂತಲ್ಲಿಂದಲೇ ಮುಂದುವರಿಯಿತು.

ಮರುದಿನ ಬೀಗಿತಿ ಇಬ್ಬರ ಕೈಗಳನ್ನೂ ಬೆಳಕಿಗೆ ಹಿಡಿದಳು. "ಮದುಮಗಳ ಕೈ ಕೆಂಪು, ಅರದಾಕಿ ಕೈ ಇನ್ನೂ ಕೆಂಪು! ನಮ್ಮ ಹುಡಿಗಿ ಮದವಿಗೂ ಈ ಕೈನ ಬೇಕ್ರಿ."

"ಮೊದಲ ಹೇಳಿ ಇಡ್ರಿ," ಎಂದಳು ದುಂಡವ್ವ, ಸೆರಗು ಝಾಡಿಸಿ. "ನಮ್ಮ ಸೊಸಿಗೆ ಪುರಸೊತ್ತಿರೂದಿಲ್ಲ."

ಈಗ ನನ್ನ ಅಂಚು ಸವೆದಿದೆ. ಹಿತ್ತಲ ಮದರಂಗಿ ಗಿಡದ ಬುಡದಲ್ಲಿ ಕೂತಿದ್ದೇನೆ. ಚೀಲ ಬಿಗಿದಿದ್ದ ಆ ದಾರ ಗಿಡದ ಬಾಗಿದ ಕೊಂಬೆಯನ್ನು ಗೂಟಕ್ಕೆ ಹಿಡಿದಿದೆ. ಸೊಪ್ಪು ಕಿತ್ತು ಅರೆಯಲು ಕಾಶವ್ವ ಬರುತ್ತಾಳೆ. ನಾನು ಹುಟ್ಟುಗೆಂಪು ಕಲ್ಲು. ಆದರೂ ಅವಳ ಎಡ ಅಂಗೈ ಮುಂದೆ ನನ್ನ ಬಣ್ಣ ಸಪ್ಪೆ.