ರಟ್ಟಿನ ಮೇಲಿನ ಹೆಬ್ಬೆರಳು

ಒಳಗಿನ ಕೋಣೆಯಲ್ಲಿ ಹಲ್ಲು ಕೊರೆಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು, ಯಾರದೋ ದವಡೆ, ಯಾರದೋ ಕರ್ಮ — ಹಲ್ಲಿನ ಡಾಕ್ಟರ ಹೊರಮೇಜಿನಲ್ಲಿ ಕೂತು ಸರದಿ ನೋಡಿಕೊಳ್ಳುವ ಅವಳ ಕಣ್ಣು ಮಾತ್ರ ಕ್ಲಿನಿಕ್ಕಿನ ಕಂಪ್ಯೂಟರಿನಿಂದ ಕೈಯಲ್ಲಿದ್ದ ಫೋನಿಗೆ, ಫೋನಿನಿಂದ ಕಂಪ್ಯೂಟರಿಗೆ ಹೋಗಿ ಬರುತ್ತಿತ್ತು, ಎರಡರಲ್ಲೂ ಒಂದೇ ಬ್ಲಾಗು, ಅವಳದೇ ಬ್ಲಾಗು, ಒಂದೇ ಪುಟ, ಆದರೆ ಫೋನಿನಲ್ಲಿ ಒಂದು ವಾಕ್ಯ, ಕಂಪ್ಯೂಟರಿನಲ್ಲಿ ಇನ್ನೊಂದು. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ಕಿಟಕಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಎನ್ನುತ್ತದೆ ಫೋನು. ಗಾಳಿಗೆ ಗೀಸರಿನ ಬೆಂಕಿ ಆರುತ್ತಿದ್ದರೆ ಕಿಟಕಿಗೆ ಒಂದು ರಟ್ಟು ಹಚ್ಚಿ, ನಾಲ್ಕೂ ಕಡೆ ಟೇಪು ಒತ್ತಿ, ಅಷ್ಟೇ, ನೀವೇ ಮಾಡಿ, ಯಾರನ್ನೂ ಕಾಯಬೇಡಿ, ಎನ್ನುತ್ತದೆ ಕಂಪ್ಯೂಟರು. ಕೆಳಗೆ ಅವಳೇ ತೆಗೆದ ಫೋಟೋ, ಕಂದು ಬಣ್ಣದ ರಟ್ಟು, ಟೇಪಿನ ಕೊನೆಯ ಮೂಲೆಯನ್ನು ಒತ್ತಿ ಹಿಡಿದ ಹೆಬ್ಬೆರಳು, ಉಗುರಿನಡಿ ಚೂರು ಕೊಳೆ, ಅವಳದೇ ಹೆಬ್ಬೆರಳು. ಆ ವಾಕ್ಯವನ್ನು ಹೋದ ಚಳಿಗಾಲದಲ್ಲೇ ಅಳಿಸಿದ್ದಳಲ್ಲ, ಆ ಫೋಟೋ ತೆಗೆದುಹಾಕಿದ್ದಳಲ್ಲ, ತಂಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಳಿಸಿದ್ದಳು, ನೋಡು ಹೋಯ್ತು ಸಮಾಧಾನ ಆಯ್ತಾ ಎಂದಿದ್ದಳು — ಅಮ್ಮಾ ಮುಂದಿನವರನ್ನ ಕಳಿಸಿ, ಡಾಕ್ಟರ ದನಿ, ಹೂಂ ಸರ್, ಮುಂದಿನವರು ಯಾರು, ಕೆನ್ನೆ ಊದಿಸಿಕೊಂಡ ಮುದುಕರು ಎದ್ದರು, ಚಪ್ಪಲಿ ಹುಡುಕಿದರು, ಹುಡುಕುತ್ತಲೇ ಇದ್ದರು. ಬೆಳಿಗ್ಗೆ ಬಂದ ಕಾಮೆಂಟು ಇಲ್ಲದಿದ್ದರೆ ಈ ಕಂಪ್ಯೂಟರಿನಲ್ಲಿ ಅವಳು ಬ್ಲಾಗು ತೆರೆಯುತ್ತಲೇ ಇರಲಿಲ್ಲ. ಕಳಿಸಿದವಳು ಪುಟ್ಟಿ ಅಮ್ಮ. ಹೆಸರೇನೋ ಗೊತ್ತಿಲ್ಲ, ಹಾಗೆಂದೇ ಸಹಿ ಮಾಡುತ್ತಾಳೆ. ಅಕ್ಕಾ, ಮತ್ತೆ ಕೇಳ್ತಿದೀನಿ ಬೇಜಾರು ಮಾಡ್ಕೋಬೇಡಿ, ಸ್ನಾನ ಆದ್ಮೇಲೆ ಪುಟ್ಟಿಗೆ ತಲೆನೋವು ಅಂತ ಹೇಳಿದ್ನಲ್ಲ, ನಿನ್ನೆ ವಾಂತೀನೂ ಆಯ್ತು, ಚಳಿ ತಾಗಿರೋಕೆ ಸಾಧ್ಯ ಇಲ್ಲ, ರಟ್ಟು ಭದ್ರವಾಗಿದೆ, ಒಂದೆಳೆ ಗಾಳಿ ಬರಲ್ಲ, ಶಾಂಪೂ ಬದಲಾಯಿಸ್ಲಾ, ನೀವು ಉತ್ತರ ಕೊಡಲ್ಲ ಅಂತ ಗೊತ್ತು, ಬಿಜಿ ಇರ್ತೀರ, ಇನ್ನು ಕೇಳಲ್ಲ ಬಿಡಿ. ರಟ್ಟು. ಬಸ್ಸಿನಲ್ಲಿ ನಿಂತುಕೊಂಡೇ ಓದಿದಾಗ ಆ ಪದಕ್ಕೆ ಬಂದು ಮತ್ತೆ ಮೊದಲಿನಿಂದ ಓದಿದಳು, ಯಾವ ರಟ್ಟು, ನಾನೆಲ್ಲಿ ಈಗ ರಟ್ಟು ಅಂತ ಹೇಳಿದೀನಿ.

ಹೇಳಿದ್ದಳು, ಹೇಳದೆ ಏನು. ಗಂಡ ಎನ್ನಿಸಿಕೊಂಡವನು ಬಿಟ್ಟುಹೋದ ವರ್ಷ ಅಡುಗೆಮನೆಯ ನಲ್ಲಿ ಕೂಡ ಅವಳ ಮೇಲೆ ಹಗೆ ಸಾಧಿಸುವಂತೆ ಸೋರಲು ಶುರುಮಾಡಿತ್ತು, ಪ್ಲಂಬರು ನಾಳೆ ಬರ್ತೀನಿ ನಾಡಿದ್ದು ಬರ್ತೀನಿ ಎಂದು ಆಟ ಆಡಿಸಿದ, ಮನೇಲಿ ಗಂಡಸರು ಯಾರಿದಾರೆ ಎಂದು ಕೇಳಿದ, ಆ ಮಾತಿಗೆ ಮೈ ಉರಿದು ಅವಳೇ ಸ್ಪ್ಯಾನರು ಹಿಡಿದಳು, ನೀರು ಮುಖಕ್ಕೆ ಚಿಮ್ಮಿತು, ಕೊನೆಗೆ ನಿಂತಿತು, ನಲ್ಲಿಯ ಕೆಳಗೆ ಒದ್ದೆ ಸೀರೆಯಲ್ಲಿ ಕೂತು ಅವಳು ನಕ್ಕ ನಗು ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಅದನ್ನೇ ಬರೆದಳು. ಬ್ಲಾಗಿನ ಹೆಸರು ನೀವೇ ಮಾಡಿ. ಓದಿದ ಹೆಂಗಸರೆಲ್ಲ ಅವಳನ್ನು ರಿಪೇರಿ ಅಕ್ಕ ಎಂದರು, ಹುಟ್ಟಿದಾಗಿನಿಂದ ಯಾರೂ ಅವಳ ಮಾತು ಕೇಳಿದ್ದಿಲ್ಲ, ಈಗ ಮುಖ ಕಾಣದ ಎಷ್ಟೋ ಜನ ಅಕ್ಕ ಹೇಳಿದ್ರೆ ಮುಗೀತು ಎನ್ನುತ್ತಿದ್ದರು, ಉಬ್ಬದೆ ಇರುತ್ತಾಳೆಯೇ, ಉಬ್ಬಿದಳು. ಮುರಿದ ಚಿಲಕ, ಕಟ್ಟಿಕೊಂಡ ಮೋರಿ, ಕಿರುಗುಟ್ಟುವ ಫ್ಯಾನು, ಆಮೇಲೆ ಆ ಗೀಸರು. ಬಚ್ಚಲಿನ ಕಿಟಕಿಯಿಂದ ಗಾಳಿ ನುಗ್ಗಿ ಬೆಂಕಿ ಆರುತ್ತಿತ್ತು, ಫ್ರಿಜ್ಜಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ಹಚ್ಚಿದಳು, ಆರುವುದು ನಿಂತಿತು, ಫೋಟೋ ತೆಗೆದಳು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯ ಹೆಬ್ಬೆರಳು ಟೇಪಿನ ಮೇಲೆ. ಅವಳ ಬಚ್ಚಲಿನ ಬಾಗಿಲಿನ ಕೆಳಗಡೆ ನೀರಿಗೆ ಕೊಳೆತು ನಾಲ್ಕು ಬೆರಳಷ್ಟು ಸಂದು ಬಿಟ್ಟಿತ್ತು, ಅದನ್ನು ಬರೆಯಬೇಕು ಎಂದು ಹೊಳೆಯಲೇ ಇಲ್ಲ, ದಿನಾ ನೋಡುವ ಸಂದನ್ನು ಯಾರು ನೋಡುತ್ತಾರೆ. ತಂಗಿ ನೋಡಿದಳು. ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನಲ್ಲಿ ನರ್ಸು ಅವಳು, ರಜೆಗೆ ಬಂದವಳು ಸ್ನಾನಕ್ಕೆಂದು ಟವೆಲು ಹೆಗಲಿಗೆ ಹಾಕಿಕೊಂಡು ಹೋಗಿ ಹಾಗೆಯೇ ಆಚೆ ಬಂದಳು — ಅಕ್ಕಾ ಇದ್ಯಾರು ಹಚ್ಚಿದ್ದು, ನಾನೇ ಕಣೇ, ಚೆನ್ನಾಗಿದೆ ಅಲ್ವಾ, ನಿಂಗೇನು ತಲೆ ಕೆಟ್ಟಿದ್ಯಾ, ಎಂದು ಪರಪರ ಕಿತ್ತಳು, ಗೋಡೆಯ ಬಣ್ಣದ ಸಮೇತ ಬಂತು. ಆ ಸಂದು ಇರೋದ್ರಿಂದ ಉಳ್ಕೊಂಡಿದೀಯ, ಗಾಳಿ ಆಡದೆ ಇದ್ರೆ ಆ ಬೆಂಕಿ ವಿಷ ಕಾರುತ್ತೆ ಕಣೇ, ವಾಸನೆ ಇಲ್ಲ ಬಣ್ಣ ಇಲ್ಲ, ಮೊದ್ಲು ತಲೆನೋವು ಅಂತಾರೆ, ವಾಂತಿ ಅಂತಾರೆ, ಆಮೇಲೊಂದಿನ ನಿದ್ದೆ ಬಂದ ಹಾಗೆ ಕೂತ್ಬಿಡ್ತಾರೆ, ಒಳಗಿಂದ ಚಿಲಕ ಹಾಕಿರ್ತಾರೆ, ಬಾಗಿಲು ಒಡೆದು ಎತ್ಕೊಂಡು ಬರ್ತಾರೆ ನಮ್ಮತ್ರ, ಕೆನ್ನೆ ಕೆಂಪಗಿರುತ್ತೆ, ಬದುಕಿದಾರೇನೋ ಅನ್ನೋ ಹಾಗೆ. ಇದನ್ನ ಬ್ಲಾಗಲ್ಲಿ ಬೇರೆ ಬರ್ದಿದೀಯಾ. ಬರೆದಿದ್ದಳು. ಸ್ನಾನ ಬಿಟ್ಟು ಇಬ್ಬರೂ ಕೂತು ಅಳಿಸಿದರು.

ಅಳಿಸಿದ್ದು ಎಲ್ಲಿ ಹೋಯಿತು. ಕ್ಲಿನಿಕ್ಕಿನ ಹಿಂದೆ ಬಟ್ಟೆ ಒಣಹಾಕುವ ಜಾಗದಲ್ಲಿ ನಿಂತು ಬ್ಲಾಗು ಇರಿಸಿಕೊಂಡಿರುವ ಸರ್ವರ್ ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿದಳು, ಹಸಿರು ಗೌನುಗಳು ಮುಖಕ್ಕೆ ತಾಗುತ್ತಿದ್ದವು, ಆ ಕಡೆ ಸಂಗೀತ, ಸಂಗೀತ, ಕೊನೆಗೊಬ್ಬ ಗಂಡಸು, ಹೇಳಿ ಮೇಡಂ, ಅವಸರವೇ ಇಲ್ಲದ ದನಿ. ನೀವು ಲಾಗಿನ್ ಆಗಿದ್ರೆ ನಿಮಗೆ ಯಾವಾಗ್ಲೂ ಹೊಸ ಪುಟಾನೇ ಕಾಣ್ಸುತ್ತೆ ಮೇಡಂ, ಹೊರಗಿನವ್ರಿಗೆ ಕ್ಯಾಶಲ್ಲಿರೋ ಪುಟ ಹೋಗುತ್ತೆ. ಕ್ಯಾಶ್ ಎಂದರೆ ಅವಳಿಗೆ ಗೊತ್ತು, ಅವಳೇ ಹಾಕಿಸಿದ್ದು, ಪುಟ ಬರೋದು ನಿಧಾನ ಅಕ್ಕ ಎಂದು ಎಲ್ಲರೂ ಗೊಣಗುತ್ತಿದ್ದರು, ಒಮ್ಮೆ ಮಾಡಿಟ್ಟ ಅಡುಗೆಯನ್ನೇ ಬಂದವರಿಗೆಲ್ಲ ಬಡಿಸುವ ಉಪಾಯ ಅದು, ಬೇಗ ಆಗುತ್ತದೆ, ಒಲೆ ಹಚ್ಚುವ ಕೆಲಸವಿಲ್ಲ. ಮನೆಯವಳಿಗೆ ಮಾತ್ರ ಬಿಸಿಬಿಸಿ, ನೆಂಟರಿಗೆಲ್ಲ ಹಳಸಿದ್ದು. ಪುಟ ತಿದ್ದಿದ್ರೆ ಹಳೇದು ತಾನಾಗೇ ಖಾಲಿ ಆಗ್ಬೇಕಲ್ಲ ಸರ್. ಆಗುತ್ತೆ ಮೇಡಂ, ನಿಮ್ಮ ಸೆಟ್ಟಿಂಗಲ್ಲಿ ಆ ಟಿಕ್ ತೆಗ್ದಿದಾರೆ ನೋಡಿ, ಯಾರು ತೆಗ್ದಿದ್ದು. ಗೌನಿನ ತೋಳೊಂದು ಅವಳ ಕತ್ತಿಗೆ ಸುತ್ತಿಕೊಂಡಿತು, ಬಿಡಿಸಿಕೊಂಡಳು. ಯಾರು ತೆಗೆದದ್ದು. ಪ್ರತಿ ಸಲ ತಿದ್ದಿದಾಗಲೂ ಇಡೀ ತಾಣ ನಿಂತುಹೋಗುತ್ತಿತ್ತು, ಹುಡುಕಿ ಹುಡುಕಿ ಆ ಪುಟ್ಟ ಚೌಕವನ್ನು ಕಂಡುಹಿಡಿದು ಗುರುತು ತೆಗೆದಿದ್ದಳು, ಸರಿಹೋಯಿತು, ಅದನ್ನೂ ಒಂದು ರಿಪೇರಿ ಎಂದುಕೊಂಡಿದ್ದಳು, ಯಾರನ್ನೂ ಕಾಯದೆ, ತಾನೇ ಮಾಡಿದ್ದು. ಹಾಗಿದ್ರೆ ಹೊಸ ಕಾಮೆಂಟುಗಳು ಸರ್. ಅವೂ ಕಾಣ್ಸಲ್ಲ ಮೇಡಂ, ಹೊರಗಿನವ್ರಿಗೆ ಆವತ್ತಿನ ಪುಟ ಹೇಗಿತ್ತೋ ಹಾಗೇ. ನಾನು ಕೊಟ್ಟ ಉತ್ತರ. ಅದೂ ಕಾಣ್ಸಲ್ಲ. ಅಂದರೆ ಇಷ್ಟು ಕಾಲ ಅವಳು ಬರೆದ ಉತ್ತರಗಳನ್ನೆಲ್ಲ ಓದಿದವಳು ಅವಳೊಬ್ಬಳೇ. ಒಂದು ಥ್ಯಾಂಕ್ಸ್ ಹೇಳಕ್ಕೂ ಜನಕ್ಕೆ ಪುರುಸೊತ್ತಿಲ್ಲ ಎಂದು ತಂಗಿಯ ಹತ್ತಿರ ಗೊಣಗಿದ್ದಳು, ದೀಪದ ಬುಡದಲ್ಲೇ ಕತ್ತಲೆ ಎಂಬುದು ಇದಕ್ಕೇ ಇರಬೇಕು. ಪುಟ್ಟಿ ಅಮ್ಮ ಮೊದಲ ಸಲ ಬರೆದದ್ದು ನೆನಪಿದೆ, ಅಕ್ಕಾ ನೀವು ಹೇಳಿದ ಹಾಗೇ ಮಾಡ್ದೆ, ಬೆಂಕಿ ಆರೋದು ನಿಂತೋಯ್ತು, ಪುಟ್ಟಿ ಹಾಡ್ಕೊಂಡು ಸ್ನಾನ ಮಾಡ್ತಾಳೆ — ತಿದ್ದಿದ ಪುಟದಲ್ಲಿ ಹೇಳಿದಂತೆ ಮೆಕ್ಯಾನಿಕ್ಕನ್ನು ಕರೆಸಿ ಗೀಸರನ್ನು ಹೊರಗಡೆ ಹಾಕಿಸಿಕೊಂಡಳು ಎಂದುಕೊಂಡು ಬಲು ಸಂತೋಷ ಪುಟ್ಟಿ ಅಮ್ಮ ಎಂದು ಬರೆದಿದ್ದಳು. ಎರಡನೇ ಸಲ ತಲೆನೋವು ಎಂದಾಗ ನೀರು ಅಷ್ಟು ಬಿಸಿ ಬೇಡ ಎಂದು ಬರೆದಿದ್ದಳು. ಸದ್ಯ, ಅದು ತಲುಪಿಲ್ಲ. ಯಾವುದೂ ತಲುಪಿಲ್ಲ. ತಲುಪಿರುವುದು ಹೆಬ್ಬೆರಳು ಒಂದೇ, ಟೇಪು ಒತ್ತುತ್ತಿರುವ ಹೆಬ್ಬೆರಳು.

ಟಿಕ್ ಹಾಕಿದಳು, ಕ್ಯಾಶ್ ಖಾಲಿ ಮಾಡಿದಳು, ಒಳಗೆ ಓಡಿಬಂದು ಕಂಪ್ಯೂಟರಿನಲ್ಲಿ ನೋಡಿದಳು, ಹೊಸ ವಾಕ್ಯ ಬಂದಿದೆ, ರಟ್ಟು ಹೋಗಿದೆ, ಒಂದು ಕ್ಷಣ ಉಸಿರು ಸಲೀಸಾಯಿತು — ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಪುಟ್ಟಿ ಅಮ್ಮನ ಕಾಮೆಂಟಿನ ಕೆಳಗೆ ಬರೆದಳು, ಕೂಡಲೇ ರಟ್ಟು ಕಿತ್ತುಹಾಕಿ, ಗೀಸರ್ ಹಚ್ಚಬೇಡಿ, ಮಗುವನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇದು ನನ್ನ ಫೋನ್ ನಂಬರು, ತಪ್ಪು ನನ್ನದು. ಒತ್ತಿದಳು. ಬಂತು. ಎಲ್ಲರಿಗೂ ಕಾಣುತ್ತಿದೆ. ಆದರೆ ನೋಡುವವಳು ಇನ್ನು ಕೇಳಲ್ಲ ಬಿಡಿ ಎಂದು ಹೋದಳಲ್ಲ. ಅವಳ ಇಮೇಲು ಇಲ್ಲ, ಹೆಸರಿಲ್ಲ, ಊರಿಲ್ಲ, ಕಾಮೆಂಟು ಬರೆಯಲು ಇಮೇಲು ಬೇಡ ಎಂದು ಮಾಡಿದವಳೂ ಇವಳೇ, ಹೆಣ್ಣುಮಕ್ಕಳು ಗಂಡನಿಗೆ ಅತ್ತೆಗೆ ಹೆದರದೆ ಕೇಳಲಿ, ಹೆಸರೂ ಬೇಡ ಗುರುತೂ ಬೇಡ ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದಳು. ಸಹಾಯದವನಿಗೆ ಮತ್ತೆ ಫೋನು, ಮತ್ತೆ ಸಂಗೀತ, ಎಲ್ಲಿಂದ ಬರೆದ್ರು ಅಂತ ಹೇಳಿ ಸರ್ ಒಂದು ಮಗು ಜೀವದ ಪ್ರಶ್ನೆ, ಅದೆಲ್ಲ ನಾವು ಕೊಡೋ ಹಾಗಿಲ್ಲ ಮೇಡಂ, ಪೊಲೀಸರ ಮೂಲಕ ಬನ್ನಿ, ನಿಯಮ ಇದೆ, ಇನ್ನೇನಾದರೂ ಸಹಾಯ ಬೇಕಿತ್ತಾ. ಪೊಲೀಸರಿಗೂ ಫೋನು ಮಾಡಿದಳು, ಪುಟ್ಟಿ ಅಂದ್ರೆ ಯಾವ ಪುಟ್ಟಿಯಮ್ಮಾ, ಮನೆಗೊಬ್ಬಳು ಪುಟ್ಟಿ ಇರ್ತಾಳೆ, ಬಂದು ಬರ್ದು ಕೊಡಿ ನೋಡೋಣ. ಕೊನೆಗೆ ತಂಗಿಗೆ. ಹೇಳಬಾರದು ಎಂದುಕೊಂಡೇ ಹೇಳಿದಳು, ಆ ಕಡೆ ಟ್ರಾಲಿಯ ಚಕ್ರದ ಸದ್ದು, ಯಾರೋ ಕೂಗುತ್ತಿದ್ದರು, ತಂಗಿ ಬೈಯಲಿಲ್ಲ, ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕಾ, ಆವತ್ತು ನಾನೂ ನಿನ್ ಮನೆ ಕಂಪ್ಯೂಟರಲ್ಲೇ ನೋಡ್ದೆ, ನನ್ ಫೋನಲ್ಲಿ ಒಂದ್ಸಲ ತೆಗೆದು ನೋಡಿದ್ರೆ ಆಗ್ತಿತ್ತು, ನೋಡ್ಲಿಲ್ಲ. ಮಗು ಎಷ್ಟು ದೊಡ್ಡದು. ಗೊತ್ತಿಲ್ಲ ಕಣೇ. ಒಬ್ಳೇ ಸ್ನಾನ ಮಾಡ್ತಾಳಾ, ಚಿಲಕ ಹಾಕ್ಕೋತಾಳಾ. ಹಾಡ್ಕೊಂಡು ಮಾಡ್ತಾಳೆ ಅಂತ ಬರ್ದಿದ್ಲು. ಬಂದ ಕೇಸ್‌ಗಳನ್ನ ನೋಡ್ತಾ ಇರ್ತೀನಿ ಎಂದಳು ತಂಗಿ, ಫೋನಿಟ್ಟಳು.

ಮೇಜಿನೆದುರಿನ ಬೆಂಚಿನ ಮೇಲೆ ಒಬ್ಬ ತಾಯಿ, ಮಡಿಲಲ್ಲಿ ಹುಡುಗಿ, ಎಷ್ಟು ಹೊತ್ತಾಗುತ್ತೆ ಮೇಡಂ, ಇನ್ನೇನು ಆಯ್ತು ಕೂತ್ಕೊಳ್ಳಿ, ಏನು ನಿನ್ ಹೆಸರು ಪುಟ್ಟಿ — ಬಾಯಿಂದ ಬಂದೇಬಿಟ್ಟಿತು, ನಾಲಿಗೆ ಕಚ್ಚಿಕೊಂಡಳು, ಹುಡುಗಿಗೆ ಮುಂದಿನ ಹಲ್ಲು ಇರಲಿಲ್ಲ, ನಕ್ಕಿತು. ಅವರಮ್ಮನನ್ನು ಕೇಳಲೇ, ನಿಮ್ಮ ಮನೆಯಲ್ಲಿ ಗೀಸರ್ ಇದೆಯೇ, ಕಿಟಕಿ ತೆರೆದಿದೆಯೇ, ಬಾಗಿಲಿನ ಕೆಳಗೆ ಸಂದಿದೆಯೇ, ಎಲ್ಲರನ್ನೂ ಕೇಳಬೇಕು, ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಕೇಳಬೇಕು, ಚಳಿ ಬಂತೆಂದರೆ ಎಲ್ಲಕ್ಕಿಂತ ಹೆಚ್ಚು ಓದುವ ಪುಟ ಅದೇ, ಅದಕ್ಕೇ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು, ಪುಟ್ಟಿ ಅಮ್ಮನಾದರೂ ಬರೆದಳು, ಬರೆಯದವರು ಎಷ್ಟು ಜನ, ರಟ್ಟು ಹಚ್ಚಿ ಸುಮ್ಮನೆ ಇದ್ದವರು, ಥ್ಯಾಂಕ್ಸ್ ಕೂಡ ಹೇಳದವರು. ಕಂಪ್ಯೂಟರಿನ ಮೂಲೆಯಲ್ಲಿ, ಈಗ ಓದುತ್ತಿರುವವರು ಒಬ್ಬರು, ಎಂದು ಹಸಿರು ಚುಕ್ಕೆಯ ಪಕ್ಕ ತೋರಿಸುತ್ತಿತ್ತು. ಒಬ್ಬರು. ಬಂದಳು, ತಾಯಿ ಕರುಳು, ಸುಮ್ಮನಿರುತ್ತದೆಯೇ, ಇನ್ನು ಕೇಳಲ್ಲ ಎಂದವಳು ಒಂದ್ಸಲ ನೋಡೋಣ ಎಂದು ಬಂದೇ ಬಂದಳು, ಓದು ತಾಯಿ, ಕೆಳಗೆ ಹೋಗು, ಇನ್ನೂ ಕೆಳಗೆ, ನನ್ನ ನಂಬರಿದೆ. ಫೋನು ಹೊಡೆದುಕೊಳ್ಳಲಿಲ್ಲ. ಒಬ್ಬರು ಒಬ್ಬರಾಗಿಯೇ ಇದ್ದರು. ಆಗ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು, ಈ ಕಂಪ್ಯೂಟರಿನಲ್ಲಿ ಅವಳು ಲಾಗಿನ್ ಆಗಿಲ್ಲ, ಇಲ್ಲಿ ಅವಳೂ ಹೊರಗಿನವಳೇ, ಎಣಿಕೆಗೆ ಸಿಗುವವಳೇ. ಪುಟ ಮುಚ್ಚಿದಳು, ಫೋನಿನಲ್ಲಿ ನೋಡಿದಳು. ಓದುತ್ತಿರುವವರು ಯಾರೂ ಇಲ್ಲ.

ಪುಟ್ಟಿ ಅಮ್ಮ ನನ್ನನ್ನು ಹೇಗೆ ಹುಡುಕಿದಳೋ ಹಾಗೆ ಹುಡುಕಬೇಕು, ಅವಳು ನಡೆದ ದಾರಿಯಲ್ಲೇ ನಡೆಯಬೇಕು ಎಂದು ಹುಡುಕುವ ತಾಣದ ಖಾಲಿ ಪೆಟ್ಟಿಗೆಯಲ್ಲಿ ಟೈಪು ಮಾಡಿದಳು, ಗೀಸರ್ ಬೆಂಕಿ ಆರಿಹೋಗುತ್ತದೆ ಏನು ಮಾಡಬೇಕು, ಎರಡೆರಡು ಸಲ ತಪ್ಪಿತು, ಅಳಿಸಿ ಬರೆದಳು, ಒಳಗೆ ಕೊರೆಯುವ ಸದ್ದು ಏರಿತು, ಅಮ್ಮಾ ಆ ಮಗೂನ ಕಳಿಸಿ ಎಂದರು ಡಾಕ್ಟರು, ಹೂಂ ಸರ್, ಬಾಯಿ ಹೇಳಿತು, ಮೈ ಏಳಲಿಲ್ಲ. ಹುಡುಕಿದ್ದು ಬಂತು. ಎಲ್ಲಕ್ಕಿಂತ ಮೇಲೆ, ಅವಳ ಬ್ಲಾಗಿನ ಹೆಸರಿನ ಪಕ್ಕದಲ್ಲಿ, ಅವಳ ತಾಣದಲ್ಲಿ ಎಲ್ಲೂ ಇಲ್ಲದ ಆ ಫೋಟೋ, ಹುಡುಕುವ ತಾಣದವರು ತಮ್ಮ ಉಗ್ರಾಣದಲ್ಲಿ ನಕಲಿಟ್ಟುಕೊಂಡ ಫೋಟೋ, ಅವಳ ಕೈಗೆ ಎಟುಕದ್ದು, ಅದನ್ನು ಒತ್ತಿ ಪುಟದವರೆಗೆ ಬರಬೇಕೆಂದೂ ಇಲ್ಲ, ಓದಬೇಕೆಂದೂ ಇಲ್ಲ, ನೋಡಿದರೆ ಸಾಕು ಅರ್ಥವಾಗುತ್ತದೆ, ಅಷ್ಟು ಚೆನ್ನಾಗಿ ತೆಗೆದಿದ್ದಾಳೆ — ಕಂದು ರಟ್ಟು, ಒಂದೆಳೆ ಬೆಳಕೂ ಬಾರದ ಕಿಟಕಿ, ಟೇಪಿನ ಕೊನೆಯ ಮೂಲೆ, ಅದರ ಮೇಲೆ ಹೆಬ್ಬೆರಳು, ಒತ್ತುತ್ತಿದೆ, ಗಟ್ಟಿಯಾಗಿ ಒತ್ತುತ್ತಿದೆ, ಉಗುರು ಬಿಳಿಚಿಕೊಂಡಿದೆ, ಅವಳದೇ ಹೆಬ್ಬೆರಳು.