ಹಿತ್ತಿಲಿಗೆ ಮೊದಲು ಕಣ್ಣು, ಆಮೇಲೆ ಗುದ್ದಲಿ

ಮಳೆ ಬಂದರೆ ಸಾಕು, ಆ ಮನೆಯ ಅಡುಗೆಮನೆ ಗೋಡೆ ಬೆವರುತ್ತಿತ್ತು. ಸುಣ್ಣ ಉಬ್ಬಿ ಚಕ್ಕೆ ಚಕ್ಕೆಯಾಗಿ ಪಾತ್ರೆಗೇ ಉದುರುತ್ತಿತ್ತು. ಹಿತ್ತಿಲ ಬಾಗಿಲು ತೆಗೆದರೆ ಕೆಸರು. ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಕಲ್ಲಾಗಿ ಹೋದ ಸಿಮೆಂಟು ಚೀಲ, ಒಡೆದ ಬಕೆಟ್ಟು, ಎಲ್ಲಾ ಅಲ್ಲೇ. ನಿಂತ ನೀರಿನ ಮೇಲೆ ಸೊಳ್ಳೆ ಗುಂಯ್ ಅನ್ನುತ್ತಿದ್ದವು. ಬಾಗಿಲು ತೆಗೆದವರು ಮೂಗು ಮುಚ್ಚಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದರು.

ಆ ಮನೆಯ ಯಜಮಾನ ಕ್ರೇನ್ ಓಡಿಸುವವನು. ಎತ್ತರದ ಕಟ್ಟಡ ಏಳುವ ಕಡೆ ಮೋಡಕ್ಕೆ ತಲೆ ತಾಗುವ ಹಾಗೆ ಕೂತು ಕಬ್ಬಿಣ ಎತ್ತುವ ಕೆಲಸ. ಬೀದಿಯವರೆಲ್ಲ ಕ್ರೇನಣ್ಣ ಅಂತಲೇ ಕರೆಯೋದು. ಕ್ರೇನಿನ ಏಣಿಯಿಂದ ಜಾರಿ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡ. ಆಪರೇಷನ್ ಆಯಿತು. "ಬಗ್ಗಬೇಡ, ಭಾರ ಎತ್ತಬೇಡ, ಕೆಲವು ತಿಂಗಳು ಮನೆಯಲ್ಲಿರು" ಅಂದರು ಡಾಕ್ಟರು. ಮತ್ತೆ ಮೇಲೆ ಹತ್ತಬಹುದಾ ಅಂತ ಕೇಳಿದ್ದಕ್ಕೆ, "ನೋಡೋಣ" ಅಂದರು. ಆ "ನೋಡೋಣ" ಅನ್ನೋ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೂರು ವರ್ಷದ ಮಗಳು ಪುಟ್ಟಿ ಮನೆ ತುಂಬ ಓಡಾಡುತ್ತಿದ್ದಳು. ಅವನೊಬ್ಬ ಮಾತ್ರ ಅಡುಗೆಮನೆ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಆ ಕೆಸರನ್ನೇ ದುರುಗುಟ್ಟಿ ನೋಡುತ್ತಾ ಕೂರುತ್ತಿದ್ದ. ಮಾತು ಕಮ್ಮಿ, ಸಿಡುಕು ಜಾಸ್ತಿ.

ಒಂದು ದಿನ ಹೆಂಡತಿಗೆ ಹೇಳಿದ, "ಮೇಸ್ತ್ರಿಗೆ ಫೋನ್ ಮಾಡಿದೀನಿ ಕಣೇ. ಬರೋ ವಾರ ಬಂದು ಹಿತ್ತಿಲಿಗೆಲ್ಲ ಕಾಂಕ್ರೀಟ್ ಹಾಕ್ತಾನೆ. ಪೀಡೆ ತೊಲಗುತ್ತೆ."

"ಪುಟ್ಟಿಗೆ ಆಡೋಕೆ ಒಂಚೂರು ಮಣ್ಣಾದ್ರೂ ಬಿಡೋಣ ರೀ. ನಾಲ್ಕು ಗಿಡ ಹಾಕೋಣ."

"ಹೋದ ವರ್ಷ ಹಾಕಿದ್ದೆಯಲ್ಲ? ಒಂದಾದ್ರೂ ಉಳೀತಾ? ನಮ್ಮ ಮಣ್ಣಿಗೆ ಆ ಯೋಗ ಇಲ್ಲ. ಬಿಡು."

ಅವಳು ಹೊಲಿಗೆ ಮಿಷನ್ ಮುಂದೆ ಹೋಗಿ ಕೂತಳು. ನರ್ಸರಿಯಲ್ಲಿ ಹೂ ಬಿಟ್ಟು ನಿಂತಿದ್ದ ಗಿಡಗಳನ್ನೆಲ್ಲ ಆಸೆಪಟ್ಟು ತಂದು ನೆಟ್ಟಿದ್ದಳು. ಕೆಲವು ಕೊಳೆತವು, ಕೆಲವು ಸುಟ್ಟು ಹೋದವು. ತನ್ನ ಕೈಗುಣವೇ ಸರಿ ಇಲ್ಲ ಅಂದುಕೊಂಡಿದ್ದಳು.

ಪಕ್ಕದ ಮನೆಯಲ್ಲಿದ್ದವಳು ಟೀಚರಕ್ಕ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳ ಹಿತ್ತಿಲು ಇವರದ್ದಕ್ಕಿಂತ ಚಿಕ್ಕದು, ಆದರೆ ಹಸಿರು ಗೋಡೆ ದಾಟಿ ಇಣುಕುತ್ತಿತ್ತು. ಬ್ಲೌಸ್ ಅಳತೆ ಕೊಡೋಕೆ ಬಂದವಳಿಗೆ ಕಾಂಕ್ರೀಟಿನ ಸುದ್ದಿ ತಿಳಿಯಿತು.

"ಅಲ್ಲಪ್ಪಾ, ಹಾಕಿಸೋದಕ್ಕೆ ಮುಂಚೆ ಒಂದು ಬಕೆಟ್ ನೀರು ಚೆಲ್ಲಿ ನೋಡೋಣ ಬಾ" ಅಂದಳು.

ಮಣ್ಣು ಗಟ್ಟಿಯಾಗಿ ಸಿಮೆಂಟಿನ ಹಾಗೇ ಆಗಿದ್ದ ಜಾಗ ನೋಡಿ ನೀರು ಸುರಿದಳು. ನೀರು ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ನಿಂತಿತು. ಆಮೇಲೆ ಸರಸರ ಅಂತ ಹರಿದು ಸೀದಾ ಅಡುಗೆಮನೆ ಗೋಡೆಯ ಬುಡಕ್ಕೆ ಬಂದು ಕೂತಿತು.

"ಇಳಿಜಾರು ಮನೆ ಕಡೆಗೇ ಇದೆ. ಈ ಇಳಿಜಾರಿನ ಮೇಲೇ ಕಾಂಕ್ರೀಟ್ ಬಿದ್ದರೆ ಮಳೆ ನೀರೆಲ್ಲ ನಿನ್ನ ಗೋಡೆಗೇ ನೆಂಟಸ್ತನ ಮಾಡುತ್ತೆ. ಈಗ ನಮ್ಮ ಕಡೆ ಬನ್ನಿ."

ತನ್ನ ಹಿತ್ತಿಲಲ್ಲಿ ಒಣಗಿದ ಎಲೆ ಹರವಿದ್ದ ಜಾಗಕ್ಕೆ ಅದೇ ಬಕೆಟ್ಟಿನಷ್ಟು ನೀರು ಸುರಿದಳು. ಎಲೆಗಳು ಸ್ವಲ್ಪ ಅಲುಗಾಡಿದವು. ನೀರು ಇಲ್ಲ! ಹರಿಯಲಿಲ್ಲ, ನಿಲ್ಲಲಿಲ್ಲ, ಭೂಮಿ ಬಾಯಿ ತೆರೆದು ಕುಡಿದ ಹಾಗೆ ಮಾಯವಾಯಿತು. ಪುಟ್ಟಿ "ಎಲ್ಲೋಯ್ತು?" ಅಂತ ಕೂತು ಎಲೆ ಸರಿಸಿ ಹುಡುಕಿದಳು. ಕ್ರೇನಣ್ಣನೂ ಬಗ್ಗಲು ಹೋಗಿ, ಬೆನ್ನು ನೆನಪಾಗಿ, ನಿಂತಲ್ಲೇ ನಿಂತ.

"ಎಲೆಯ ಕೆಳಗೆ ಎರೆಹುಳ ಇದಾವೆ. ಅವು ತೂತು ಕೊರೆದಿರ್ತಾವೆ. ಅದೇ ದಾರಿ ನೀರಿಗೆ" ಅಂದಳು ಟೀಚರಕ್ಕ.

"ನನ್ನ ಕೈಲಿ ಯಾವ ಗಿಡಾನೂ ಬದುಕಲ್ಲ ಅಕ್ಕಾ" ಅಂದಳು ಹೆಂಡತಿ.

"ಅಳತೆ ತಗೊಳ್ಳದೆ ನೀನು ಬಟ್ಟೆಗೆ ಕತ್ತರಿ ಹಾಕ್ತೀಯಾ?"

"ಅಯ್ಯೋ, ಉಂಟೇ!"

"ಹಿತ್ತಿಲಿಗೂ ಅಳತೆ ಬೇಕು ಕಣೇ. ಬಿಸಿಲು ಎಲ್ಲಿ ಬೀಳುತ್ತೆ, ಎಷ್ಟು ಹೊತ್ತು ಇರುತ್ತೆ, ನೀರು ಎಲ್ಲಿ ನಿಲ್ಲುತ್ತೆ, ಅದನ್ನ ನೋಡದೆ ಗಿಡ ತರಬಾರದು. ಬಿಸಿಲಿನ ಗಿಡ ನೆರಳಲ್ಲಿ ಸೊರಗುತ್ತೆ, ನೆರಳಿನ ಗಿಡ ಬಿಸಿಲಲ್ಲಿ ಬೇಯುತ್ತೆ. ನಿನ್ನ ಕೈಯದ್ದಲ್ಲ ತಪ್ಪು."

"ದಿನ ಪೂರ್ತಿ ಅಲ್ಲಿ ಕೂತು ನೋಡೋಕೆ ಯಾರಿಗಿದೆ ಪುರುಸೊತ್ತು?" ಅಂದ ಕ್ರೇನಣ್ಣ.

ಹೆಂಗಸರಿಬ್ಬರೂ ಅವನ ಮುಖ ನೋಡಿದರು. ಅವನಿಗೂ ನಗು ಬಂತು. ಆಪರೇಷನ್ ಆದಮೇಲೆ ಅವನು ನಕ್ಕಿದ್ದನ್ನು ಹೆಂಡತಿ ನೋಡಿದ್ದು ಅವತ್ತೇ.

ಮೇಸ್ತ್ರಿಗೆ ಸ್ವಲ್ಪ ತಡೆದು ಬಾ ಅಂತ ಹೇಳಿದ. ಕುರ್ಚಿ ಬಾಗಿಲ ಹೊರಗೆ ಬಂತು. ಬೆಳಗ್ಗೆ ಬಿಸಿಲು ಮುಟ್ಟಿದ ಕಡೆಗೆ ಕೋಲು ತೋರಿಸಿದರೆ ಪುಟ್ಟಿ ಒಂದು ಇಟ್ಟಿಗೆ ಚೂರು ಇಡುತ್ತಿದ್ದಳು. ನೆರಳು ಸರಿದ ಹಾಗೆ ಇನ್ನೊಂದು. ಮೊದಲು ಬೇಸರವಾಯಿತು. ಆಮೇಲೆ ವಿಚಿತ್ರ ಅನ್ನಿಸತೊಡಗಿತು. ಅಷ್ಟಗಲದ ಜಾಗದಲ್ಲಿ ಮಧ್ಯಾಹ್ನ ಕೆಂಡದಂಥ ಮೂಲೆ ಒಂದು, ದಿನವಿಡೀ ತಂಪಾಗಿರುವ ಮೂಲೆ ಇನ್ನೊಂದು! ಪೂರ್ವಕ್ಕೆ ಮುಖ ಮಾಡಿದ ಗೋಡೆ ಹತ್ತಿರ ಬೆಳಗಿನ ಎಳೆ ಬಿಸಿಲು ಬಂದು ಹೋಗುತ್ತದೆ.

"ನಾನು ಇಡೀ ಊರನ್ನ ಮೇಲಿಂದ ನೋಡಿದೀನಿ. ಇದನ್ನ ನೋಡಿರಲಿಲ್ಲ" ಅಂದ ಹೆಂಡತಿಗೆ.

ಕೆಲಸ ಶುರುವಾಯಿತು. ಎರಡು ಮನೆಯವರೂ ಸೇರಿ ಕಸ ಹೊರಗೆ ಹಾಕಿದರು. ಮೇಸ್ತ್ರಿಗಳು ಮಟ್ಟ ನೋಡೋಕೆ ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಕ್ರೇನಣ್ಣ ಎತ್ತರ ತಗ್ಗು ಹೇಳಿದ. ಹೆಂಡತಿ ಗುದ್ದಲಿ ಹಿಡಿದಳು. ಗೋಡೆಯ ಬುಡ ಎತ್ತರ ಮಾಡಿ, ದೂರದ ಮೂಲೆ ತಗ್ಗು ಮಾಡಿ, ಅಲ್ಲಿಗೆ ಆಳವಿಲ್ಲದ ಅಗಲವಾದ ಕಾಲುವೆ ತೋಡಿದರು. ಮೂಲೆಯ ಮಣ್ಣನ್ನು ಚೆನ್ನಾಗಿ ಅಗೆದು, ಗೊಬ್ಬರ ಬೆರೆಸಿ, ನೀರು ಒಂದು ದಿನದೊಳಗೆ ಇಂಗಿ ಹೋಗುವ ಹಾಗೆ ಮಾಡಿದರು. ನೀರು ನಿಂತರೆ ತಾನೇ ಸೊಳ್ಳೆ?

ನರ್ಸರಿಗೆ ಹೆಂಡತಿ, ಟೀಚರಕ್ಕನ ಜೊತೆ ಕ್ರೇನಣ್ಣನೂ ಹೋದ. ಗುಲಾಬಿ ಬಣ್ಣದ ಕಣಗಿಲೆ ನೋಡಿ ಮನಸೋತ. "ಎಷ್ಟು ಚೆಂದ ಇದೆ, ತಗೊಳ್ಳೋಣ."

ಟೀಚರಕ್ಕ ತಡೆದಳು. "ಬೇಡಪ್ಪ. ಅದರ ಎಲೆ, ಹೂವು, ಕಡ್ಡಿ, ಎಲ್ಲಾ ವಿಷ. ಪುಟ್ಟಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳೋ ವಯಸ್ಸು."

ಅವನ ಕೈ ತಟ್ಟನೆ ಹಿಂದಕ್ಕೆ ಬಂತು. ದಪ್ಪ ಎಲೆಯ ರಬ್ಬರ್ ಗಿಡ ತೋರಿಸಿದ. "ಇದು ಗೋಡೆ ಪಕ್ಕ ಇಡಬಹುದಾ? ಇಷ್ಟೇ ಇಷ್ಟಿದೆ."

"ಕುಂಡದಲ್ಲಿ ಇಷ್ಟಿದೆ. ನೆಲಕ್ಕಿಳಿದರೆ ಮರ. ಬೇರು ಪಾಯದೊಳಕ್ಕೆ ನುಗ್ಗುತ್ತೆ. ಗಿಡ ತರುವಾಗ ಈಗ ಎಷ್ಟಿದೆ ಅಂತ ಅಲ್ಲ, ಬೆಳೆದಾಗ ಎಷ್ಟಾಗುತ್ತೆ ಅಂತ ಕೇಳಬೇಕು."

ಕೇಳಿ ಕೇಳಿ ತಂದರು. ಬಿಸಿಲಿನ ಮೂಲೆಗೆ ನಿಂಬೆ, ಅದರಿಂದ ದೂರ ಬಿಟ್ಟು ದಾಸವಾಳ. ನೀರು ಇಂಗುವ ತಗ್ಗಿಗೆ ಒದ್ದೆ ನೆಲ ಒಗ್ಗುವ ಕಾಬಾಳೆ, ಅಂದರೆ ಕ್ಯಾನಾ ಹೂವಿನ ಗಿಡ. ನೆರಳಿಗೆ ಜರಿಗಿಡ. ಬೆಳಗಿನ ಬಿಸಿಲಿನ ಜಾಗಕ್ಕೆ ಪುದೀನ. ಓಡಾಡಲು ಹಳೇ ಇಟ್ಟಿಗೆ ಚೂರುಗಳದ್ದೇ ದಾರಿ. ಬರಿ ಮಣ್ಣು ಕಾಣದ ಹಾಗೆ ಒಣಗಿದ ಎಲೆಯ ಹೊದಿಕೆ. ಜಾಗ ಇನ್ನೂ ಖಾಲಿ ಇದ್ದರೂ ಟೀಚರಕ್ಕ ಬಿಡಲಿಲ್ಲ: "ಉಸಿರಾಡಲಿ. ಬೆಳೀತಾವೆ."

ದೊಡ್ಡ ಮಳೆ ಬಂದ ದಿನ ಮೂವರೂ ಬಾಗಿಲಲ್ಲಿ ನಿಂತರು. ನೀರು ಗೋಡೆಗೆ ಬೆನ್ನು ಹಾಕಿ ಹೊರಟಿತು. ಕಾಲುವೆಯಲ್ಲಿ ತಿರುಗಿ ಮೂಲೆಗೆ ಹೋಯಿತು. ಮಾರನೇ ದಿನ ಅಲ್ಲಿ ನೀರಿರಲಿಲ್ಲ. ಗೋಡೆ ಮುಟ್ಟಿ ನೋಡಿದಳು ಹೆಂಡತಿ. ಹಳೇ ತೇವ ಇನ್ನೂ ಇತ್ತು, ಆದರೆ ಹೊಸದಾಗಿ ಹಸಿ ಏರಿರಲಿಲ್ಲ. ಮೇಸ್ತ್ರಿಗೆ ಬರೋದು ಬೇಡ ಅಂತ ಹೇಳಿದ್ದು ಅವತ್ತೇ.

ಆದರೂ ಕ್ರೇನಣ್ಣ ಇನ್ನೊಂದು ಸಲ ರೇಗಿದ. ನಿಂಬೆ ಗಿಡದ ಎಳೆ ಎಲೆಗಳು ಮಾಯವಾಗಿದ್ದವು. ಹಕ್ಕಿ ಹಿಕ್ಕೆಯಂತೆ ಕಾಣುತ್ತಿದ್ದ ಹುಳುಗಳು ಎಲೆ ಮೇಯುತ್ತಿದ್ದವು. "ಔಷಧಿ ಹೊಡೀರಿ, ಎಲ್ಲಾ ತಿಂದು ಮುಗಿಸ್ತಾವೆ!"

ಗೋಡೆಯಾಚೆಯಿಂದ ಟೀಚರಕ್ಕ ಇಣುಕಿದಳು. "ಎರಡೋ ಮೂರೋ ಇದಾವೆ, ತಿನ್ನಲಿ ಬಿಡು. ಎಲೆ ಮತ್ತೆ ಚಿಗುರುತ್ತೆ. ಸುಮ್ನೆ ನೋಡ್ತಾ ಇರು."

ಮನಸ್ಸಿಲ್ಲದ ಮನಸ್ಸಿನಿಂದ ನೋಡಿದ. ಹುಳು ದಪ್ಪವಾಗಿ ಹಸಿರಾಯಿತು. ಒಂದು ದಿನ ಕಡ್ಡಿಗೆ ನೂಲಿನ ಪಟ್ಟಿ ಕಟ್ಟಿಕೊಂಡು ಒರಗಿತು. ಗೂಡಾಯಿತು. ಸತ್ತಿತೇನೋ ಅಂದುಕೊಂಡ. ಆಮೇಲೊಂದು ಬೆಳಗ್ಗೆ ಗೂಡು ಕಪ್ಪಾಗಿತ್ತು. ಒಳಗೆ ಮಡಚಿಟ್ಟ ಬಟ್ಟೆಯ ಹಾಗೆ ಏನೋ ಹಳದಿ ಕಾಣುತ್ತಿತ್ತು.

"ಲೇ, ಬಾ ಇಲ್ಲಿ" ಅಂತ ಪಿಸುಗುಟ್ಟಿದ, ಮಗು ಮಲಗಿದೆಯೇನೋ ಅನ್ನುವ ಹಾಗೆ. ಹೆಂಡತಿ ಮಿಷನ್ ಬಿಟ್ಟು ಬಂದಳು.

ಗೂಡು ಸೀಳಿತು. ತೇವವಾದ, ಮುದುಡಿದ ಜೀವ ಒಂದು ಹೊರಗೆ ತೆವಳಿ ಕಡ್ಡಿ ಹಿಡಿದು ಜೋತುಬಿತ್ತು. ರೆಕ್ಕೆ ಅನ್ನೋ ಹಾಗಿರಲಿಲ್ಲ, ಒದ್ದೆ ಚಿಂದಿ. ನೋಡ ನೋಡುತ್ತಾ ಆ ಚಿಂದಿ ತುಂಬಿಕೊಂಡಿತು, ಹರಡಿಕೊಂಡಿತು, ಕಪ್ಪು ಹಳದಿ ಚಿತ್ತಾರವಾಯಿತು. ತುದಿಯಲ್ಲಿ ಕೆಂಪು ಬೊಟ್ಟು. ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಚಿಟ್ಟೆ ಆತುರಪಡಲಿಲ್ಲ. ಒಣಗುವ ತನಕ ಕಾಯಿತು. ಆಮೇಲೆ ಗಾಳಿಯಲ್ಲಿ ಒಮ್ಮೆ ತೂಗಾಡಿ ಗೋಡೆ ದಾಟಿ ಹೋಯಿತು.

"ಇದಕ್ಕೆ ಔಷಧಿ ಹೊಡೀತಿದ್ನಲ್ಲೇ ನಾನು" ಅಂದ ಕ್ರೇನಣ್ಣ. "ನಮ್ಮ ಮನೆ ಹಿಂದೆ! ಕೆಸರಿದ್ದ ಜಾಗದಲ್ಲಿ!"

ಅವನಿಗೆ ಈಗ ಕೆಳಗಿನ ಕೆಲಸ ಸಿಕ್ಕಿದೆ, ಕ್ರೇನಿಗೆ ಸನ್ನೆ ಕೊಡುವ ಕೆಲಸ. ಮೇಲೆ ಹತ್ತುವ ವಿಷಯ ಡಾಕ್ಟರು ಇನ್ನೂ ಹೇಳಿಲ್ಲ. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಟ್ಟು ಸೀದಾ ಹಿತ್ತಿಲಿಗೆ ಹೋಗುತ್ತಾನೆ. ಬೀದಿಯವರು ಗಿಡ ಕೇಳಲು ಬಂದರೆ, "ಮೊದಲು ನಿಮ್ಮ ಬಿಸಿಲು ಹೇಳಿ" ಅನ್ನುತ್ತಾನೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹಿತ್ತಿಲು ಮಾಡಿಕೊಳ್ಳಲು ದೊಡ್ಡ ಜಾಗ ಬೇಡ, ದೊಡ್ಡ ವಿದ್ಯೆಯೂ ಬೇಡ. ನೀರು ಗೋಡೆಯಿಂದ ದೂರ ಹೋಗುವ ಹಾಗೆ ನೆಲ ಸರಿ ಮಾಡಿ. ನಿಮ್ಮ ಬಿಸಿಲಿಗೆ, ನಿಮ್ಮ ಮಣ್ಣಿಗೆ ಒಗ್ಗುವ ಗಿಡವನ್ನೇ ತನ್ನಿ. ಮಕ್ಕಳಿದ್ದರೆ ವಿಷದ ಗಿಡ ಬೇಡವೇ ಬೇಡ. ಒಣಗಿದ ಎಲೆ ಸುಡಬೇಡಿ, ಮಣ್ಣಿಗೆ ಹೊದಿಸಿ. ಹುಳು ಕಂಡ ಕೂಡಲೇ ವಿಷ ಹೊಡೆಯಬೇಡಿ, ಅದು ಯಾರು ಅಂತ ವಿಚಾರಿಸಿ. ಉಳಿದದ್ದನ್ನು ಭೂಮಿಯೇ ಮಾಡುತ್ತೆ. ಅದು ಮಾಡುವುದನ್ನು ನೋಡಲು ನೀವು ಅಲ್ಲಿರಬೇಕು, ಅಷ್ಟೇ. ಬನ್ನಿ, ಹಿತ್ತಿಲ ಬಾಗಿಲು ತೆಗೆಯಿರಿ.