ನಟರಾಜು ಯಾವ ದೇಶದವನು

ಹಿಪ್ಪುನೇರಳೆ ಕಡ್ಡಿಯ ಹಾಲು ಬೆರಳಿಗೆ ಮೆತ್ತಿ ಕಪ್ಪಾಗುತ್ತದೆ. ಸೋಪಿಗೆ ಹೋಗುವುದಿಲ್ಲ. ಗಂಡ ಸತ್ತ ಮೇಲೆ ನಾನೂ ಹೊಂಗನೂರಿನ ಪಂಚಾಕ್ಷರಯ್ಯನವರ ತೋಟದಲ್ಲಿ ಸೊಪ್ಪು ಕೊಯ್ಯುತ್ತೇನೆ. ಓದಿದ್ದು ಎಂ.ಎ., ಅರ್ಥಶಾಸ್ತ್ರ. ಕುಡುಗೋಲಿಗೆ ಅದು ಗೊತ್ತಿಲ್ಲ.

ಹೆಂಗಸರ ಕೂಲಿ ಮುನ್ನೂರು. ಪಕ್ಕದ ಸಾಲು ಕೊಯ್ಯುವ ನಟರಾಜುವಿಗೆ ಆರು ನೂರು.

ಪಂಚಾಕ್ಷರಯ್ಯನವರು ರೈತರ ತಂಡದ ಜೊತೆ ಚೀನಾ ನೋಡಿ ಬಂದಿದ್ದರು. ಬಂದಾಗಿನಿಂದ ಬದುವಿನ ಮೇಲೆ ನಿಂತು ಅವಸರಪಡಿಸುತ್ತಾ ಒಂದೇ ಮಾತು: "ಚೀನಾದಲ್ಲಿ ಹೆಂಗಸ್ರು ಇನ್ನೂ ಬಿರ್ನೆ ಕುಯ್ತಾರೆ ಕಣ್ರಮ್ಮಿ."

ಆ ಬೆಳಿಗ್ಗೆ ರೇಷ್ಮೆ ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಈ ಜ್ವರ ಎದ್ದ ಹುಳ ಬಕಾಸುರ. ಸೊಪ್ಪು ತಪ್ಪಿದರೆ ಗೂಡು ಜೊಳ್ಳು. ಆ ಹೊತ್ತಿಗೇ ಕಾದಿದ್ದ, ನಮ್ಮ ಜೊತೆ ಕೊಯ್ಯುವ ಸಿದ್ದಮ್ಮ ಕುಡುಗೋಲು ಕೆಳಗಿಟ್ಟು, ನಮಗೂ ಆರು ನೂರು ಬೇಕು ಎಂದಳು.

ಪಂಚಾಕ್ಷರಯ್ಯನವರು ನಕ್ಕರು. "ನಿಮ್ ಅರ್ಧ ಕೂಲಿಗೆ ಗೇಯೋ ದೇಶಗಳವೆ. ಬೇಕಾದ್ರೆ ಪ್ರತಿಮನ್ನೇ ಕೇಳು, ಓದ್ದೋಳು."

ಇವೆ, ಎಂದೆ. ನಾರ್ವೆ ಅಂತಲೂ ಒಂದಿದೆ, ಅಲ್ಲಿ ಹೊಲದಲ್ಲಿ ಒಂದು ಗಂಟೆ ದುಡಿದರೆ ನಮ್ಮ ಮೂರು ದಿನದ ಕೂಲಿ, ಎಂದೆ. ಕೇಳದ್ದನ್ನೂ ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಅಲ್ಲಿ ಗಂಡ ಸತ್ತವರಿಗೆ ಬೇರೆ ರೇಟು ಇದೆಯೇ ಎಂದು ಸಿದ್ದಮ್ಮ ನನ್ನ ಕಾಲೆಳೆದಳು, ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಬಹಳ ದಿನವಾಗಿತ್ತು.

"ದೇಶ ಬೇರೆ ಆದ್ರೆ ಕೂಲಿನೂ ಬೇರೆ ಕಣಮ್ಮಿ," ಎಂದರು ಪಂಚಾಕ್ಷರಯ್ಯನವರು.

"ಆಯ್ತು ಅಯ್ನೋರೆ. ನಟರಾಜು ಯಾವ ದೇಶದೋನು?" ಎಂದಳು ಸಿದ್ದಮ್ಮ.

 ಹೆಂಗಸರೆಲ್ಲ ಹೋಗಿ ಬದುವಿನ ಮೇಲೆ ಕೂತೆವು. ಒಬ್ಬನೇ ಕೊಯ್ದರೆ ಇನ್ನೂ ನೂರು ಸೇರಿಸಿ ಕೊಡುವುದಾಗಿ ಪಂಚಾಕ್ಷರಯ್ಯನವರು ನಟರಾಜುವಿಗೆ ಹೇಳಿದರು. ಅವನು ಒಂದು ಕಂತೆ ಕೊಯ್ದ. ತಲೆ ಎತ್ತಿ ನೋಡಿದ. ಅವನ ಹೆಂಡತಿಯೂ ಬದುವಿನ ಮೇಲಿದ್ದಳು, ಅವನನ್ನೇ ನೋಡುತ್ತಾ. ಕುಡುಗೋಲು ಒರೆಸಿಕೊಂಡು ಬಂದು ಅವಳ ಪಕ್ಕ ಕೂತ.

"ನಾನೂ ಹೊಂಗ್ನೂರೋನೇ ಅಯ್ನೋರೆ."

ಹೊತ್ತು ಏರಿತು. ಹುಳದ ಮನೆಯೊಳಗಿನ ಮೇಯುವ ಚರಚರ ಸದ್ದು ನಿಂತುಹೋಯಿತು. ಪಂಚಾಕ್ಷರಯ್ಯನವರ ಹೆಂಡತಿ ಗಿರಿಜಾಂಬ ಬಾಗಿಲಿಗೆ ಬಂದು, ಹುಳ ಎಲ್ಲಾ ಸೊಪ್ಪಿಗಾಗಿ ತಲೆ ಎತ್ತಿಕೊಂಡಿವೆ ಎಂದು ಕೂಗಿದರು. ಪಂಚಾಕ್ಷರಯ್ಯನವರು ಬಿಳಿ ಪಂಚೆ ಮೇಲೆ ಕಟ್ಟಿ, ಸಿದ್ದಮ್ಮನ ಕುಡುಗೋಲು ಎತ್ತಿಕೊಂಡು ಸಾಲಿಗೆ ಬಗ್ಗಿದರು. ನಾಲ್ಕು ಕಡ್ಡಿ ಕೊಯ್ದು ಸೊಂಟ ಹಿಡಿದುಕೊಂಡರು.

ಸಿದ್ದಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತಾ ಹೇಳಿದಳು:

"ಒಸಿ ಬಿರ್ನೆ, ಅಯ್ನೋರೆ. ಚೀನಾದಲ್ಲಿ ಹಿಂಗ್ ಕುಯ್ಯಲ್ಲ."